ಕೊಡೆ ನಿಯಮ

ಅಂಬಲಪಾಡಿಯ ನಮ್ಮ ಮನೆಯ ಉಪ್ಪರಿಗೆಯಲ್ಲಿ ನಾವು ನಾಲ್ವರು ಆರು ವರ್ಷಗಳಿಂದ ಪುಟ್ಟ ಸೈನಿಕರ ಯುದ್ಧದಾಟ ಆಡುತ್ತಿದ್ದೇವೆ. ಗೊಂಬೆಗಳು 28 ಮಿಲಿಮೀಟರ್ ಅಳತೆಯವು. ಬಣ್ಣ ನಾವೇ ಹಚ್ಚುತ್ತೇವೆ. ಗೆರಟೆ ಕವುಚಿದರೆ ಗುಡ್ಡ, ಅಡಿಕೆ ಹಾಳೆ ಕತ್ತರಿಸಿದರೆ ಕೋಟೆಗೋಡೆ, ಮುರಕಲ್ಲಿನ ಪುಡಿ ಅಂಟಿಸಿದರೆ ನೆಲ. ಇದೆಲ್ಲ ಬೇಗ ಕೈಗೆ ಬಂತು. ಸತಾಯಿಸಿದ್ದು ನಿಯಮಗಳು.

ಎದುರಾಳಿ ಕಂಡರೆ ಗುಂಡು ಹಾರಿಸಬಹುದು ಎನ್ನುತ್ತದೆ ನಿಯಮ ಪುಸ್ತಕ. ‘ಕಾಣುವುದು’ ಎಂದರೆ ಎಷ್ಟು? ಮಳೆಗಾಲದ ಒಂದು ಭಾನುವಾರ ಮಲ್ಪೆಯ ಗೆಳೆಯ ಮೇಜಿಗೆ ಕೆನ್ನೆ ಆನಿಸಿ, ಒಂದು ಕಣ್ಣು ಮುಚ್ಚಿ, ತನ್ನ ಸೈನಿಕನ ಬೆನ್ನ ಹಿಂದಿನಿಂದ ನೋಡಿದ. ಗೆರಟೆ ಗುಡ್ಡದಾಚೆ ನನ್ನವನ ಈಟಿಯ ತುದಿ ಅಕ್ಕಿಕಾಳಿನಷ್ಟು ಇಣುಕುತ್ತಿತ್ತು.

“ಕಾಣುತ್ತದೆ, ಹೊಡೆಯುತ್ತೇನೆ.”

“ಈಟಿ ಕಂಡರೆ ಆಳು ಕಂಡಂತಾಯಿತೇ?”

ಅರ್ಧ ಗಂಟೆ ಹಗ್ಗಜಗ್ಗಾಟ. ಕೊನೆಗೆ ಭಾವ ಬಾಯಿ ತೆರೆದರು: “ಪಾಗಾರದ ಮೇಲೆ ಕೊಡೆ ಕಂಡರೆ ಅಜ್ಜ ಬಂದರೆಂದು ಚಹಾಕ್ಕೆ ನೀರಿಡುವುದಿಲ್ಲವೇ?” ಗುಂಡು ತಗುಲಿತೇ ಎಂದು ಎಸೆದು ನೋಡಲು ಮಲ್ಪೆಯವನು ದಾಳ ಎತ್ತಿಯೇ ಬಿಟ್ಟ. ಭಾವ ಅವನ ಕೈ ಹಿಡಿದರು: “ನೀರಿಡಬಹುದು. ಅಜ್ಜ ಒಳಗೆ ಬರುವ ಮೊದಲು ಸೋಸಬಾರದು.”

ನಾವು ನಕ್ಕ ರಭಸಕ್ಕೆ ಎರಡು ಕುದುರೆಗಳು ಮಗುಚಿಬಿದ್ದವು. ಅಂದೇ ನೋಟುಪುಸ್ತಕದಲ್ಲಿ ಬರೆದೆವು: ಆಯುಧವೋ ಬಾವುಟವೋ ಮಾತ್ರ ಕಂಡರೆ ಆ ಕಡೆ ತಿರುಗಬಹುದು, ಹೊಡೆಯುವುದು ದೇಹ ಕಂಡ ಮೇಲೆ. ಹೆಸರು, ಕೊಡೆ ನಿಯಮ.

ಆಮೇಲೆ ಸಿಟಿ ಬಸ್ ನಿಯಮ ಬಂತು. ಮುರಕಲ್ಲಿನ ಪುಡಿಯ ಮೇಲೆ ದಾಳ ಓರೆಯಾಗಿ ನಿಂತರೆ ಅದರ ನೆತ್ತಿಯ ಮೇಲೆ ಇನ್ನೊಂದು ದಾಳ ಇಡುತ್ತೇವೆ. ಜಾರದೆ ಕುಳಿತರೆ ಸಂಖ್ಯೆ ಲೆಕ್ಕಕ್ಕೆ, ಜಾರಿದರೆ ಮತ್ತೆ ಎಸೆತ. ಸಿಟಿ ಬಸ್ಸಿನ ಸೀಟಿನ ಅಂಚಿನಲ್ಲಿ ಕುಳಿತವನೂ ಕುಳಿತವನೇ ತಾನೇ!

ಈ ತಕರಾರು ಹಳೆಯದು. ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಸ್ 1824ರಲ್ಲಿ ದಾಳ, ಕೋಷ್ಟಕಗಳ ಯುದ್ಧದಾಟ ಪ್ರಕಟಿಸಿದ. ನಿಯಮಗಳ ಭಾರ ಎಷ್ಟಾಯಿತೆಂದರೆ, 1876ರಲ್ಲಿ ಅಲ್ಲಿನವನೇ ಆದ ವೆರ್ಡಿ ದ್ಯು ವೆರ್ನ್ವಾ ಅವನ್ನು ಬದಿಗಿಟ್ಟು ತೀರ್ಮಾನವನ್ನು ತೀರ್ಪುಗಾರನ ಅನುಭವಕ್ಕೆ ಬಿಡಬೇಕೆಂದ. ನಮ್ಮ ತೀರ್ಪುಗಾರ್ತಿ ಅತ್ತಿಗೆ. ಅವರು ಆಡುವುದಿಲ್ಲ, ಅದೇ ಅವರ ಅರ್ಹತೆ. ಹೊಸ ನಿಯಮವನ್ನು ಅವರಿಗೆ ಓದಿ ಹೇಳುತ್ತೇವೆ. ಅರ್ಥವಾಗದೆ ಅವರು ‘ಇನ್ನೊಮ್ಮೆ ಹೇಳಿ’ ಎಂದರೆ ಅದನ್ನು ಹೊಡೆದುಹಾಕಿ ಹೊಸದಾಗಿ ಬರೆಯುತ್ತೇವೆ. ಅವರು ನಕ್ಕ ನಿಯಮವನ್ನು ಇದುವರೆಗೆ ನಮ್ಮಲ್ಲಿ ಯಾರೂ ಮರೆತಿಲ್ಲ, ಪುಟ ತಿರುವಿ ನೋಡುವ ಪ್ರಮೇಯವೂ ಬಂದಿಲ್ಲ.

ಕಳೆದ ತಿಂಗಳು ಮಣಿಪಾಲದಿಂದ ಒಬ್ಬ ಹುಡುಗ ಆಡಲು ಬಂದ. ಎರಡನೇ ಸುತ್ತಿನಲ್ಲೇ ಮೇಜಿಗೆ ಕೆನ್ನೆ ಆನಿಸಿ ನನ್ನನ್ನು ಕೇಳಿದ: “ಅಣ್ಣ, ಇದು ಬರೀ ಕೊಡೆಯೋ, ಅಜ್ಜನೂ ಇದ್ದಾರೋ?”