ಮಗುವಿಗೆ ಟ್ಯೂಷನ್ ಬೇಕಾ? ಮೊದಲು ಅದರ ಉತ್ತರ ಪತ್ರಿಕೆ ನೋಡಿ

ದಸರಾ ರಜೆ ಮುಗಿದು ಎಸ್‌ಎ-1 (ಅರ್ಧವಾರ್ಷಿಕ ಪರೀಕ್ಷೆ) ಅಂಕ ಕೈಗೆ ಬರುತ್ತಿದ್ದ ಹಾಗೆ ಮನೆಮನೆಯಲ್ಲೂ ಒಂದೇ ಮಾತು: "ಯಾರಾದ್ರೂ ಒಳ್ಳೆ ಟ್ಯೂಷನ್ ಮೇಷ್ಟ್ರು ಇದ್ರೆ ಹೇಳಿ." ಅವಸರದಲ್ಲಿ ಪಕ್ಕದ ಮನೆ ಹುಡುಗ ಹೋಗುವ ಕಡೆಗೇ ನಮ್ಮ ಮಗುವನ್ನೂ ಸೇರಿಸಿಬಿಡುತ್ತೇವೆ. ಎರಡು ತಿಂಗಳಾದರೂ ಅಂಕ ಅಲ್ಲೇ ಇರುತ್ತದೆ, ಆಟದ ಹೊತ್ತು ಮಾತ್ರ ಹೋಗಿರುತ್ತದೆ. ಯಾರ ಹತ್ತಿರ ಕಳಿಸಬೇಕು ಅನ್ನುವುದಕ್ಕಿಂತ ಮೊದಲು ಗೊತ್ತಾಗಬೇಕಾದ್ದು, ಮಗು ಎಲ್ಲಿ ಎಡವುತ್ತಿದೆ ಅನ್ನುವುದು.

ತೊಡಕು ಎಲ್ಲಿದೆ?

ಒಂದು ಭಾನುವಾರ ಮಗುವಿನ ಪಕ್ಕ ಕೂತು ಹಿಂದಿನ ಪರೀಕ್ಷೆಗಳ ಉತ್ತರ ಪತ್ರಿಕೆ ನೋಡಿ. ಬೈಯಬೇಡಿ, ಸುಮ್ನೆ ನೋಡಿ. ಎಂಟನೇ ಕ್ಲಾಸಿನ ಹುಡುಗಿಗೆ ಬೀಜಗಣಿತ ಹತ್ತುತ್ತಿಲ್ಲ ಅಂದುಕೊಳ್ಳಿ. ಅವಳಿಗೆ 1/2 + 1/3 ಲೆಕ್ಕ ಕೊಡಿ. ಉತ್ತರ 2/5 ಅಂತ ಬರೆದರೆ ತೊಡಕು ಇರುವುದು ಕೆಳಗಿನ ಕ್ಲಾಸಿನ ಭಿನ್ನರಾಶಿಯಲ್ಲಿ. ಮೇಲಿನ ಅಂಕಿಗೆ ಮೇಲಿನದು, ಕೆಳಗಿನ ಅಂಕಿಗೆ ಕೆಳಗಿನದು ಕೂಡಿಸಿದ್ದಾಳೆ. ಎಂಟನೇ ಕ್ಲಾಸಿನ ಪಾಠವನ್ನೇ ಮತ್ತೊಮ್ಮೆ ಹೇಳಿದರೆ ಇವಳಿಗೆ ಏನೂ ಸಿಗುವುದಿಲ್ಲ. ಹಿಂದಕ್ಕೆ ಹೋಗಿ ಕಲಿಸುವ ತಾಳ್ಮೆ ಇರುವವರು ಬೇಕು.

ಏಳನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಟನೆಯದಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮಕ್ಕಳ ಕಷ್ಟವೇ ಬೇರೆ. ಅವರಿಗೆ ವಿಜ್ಞಾನ ಗೊತ್ತಿರುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ. ಕನ್ನಡದಲ್ಲಿ ವಿವರಿಸಿ, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಸುವವರು ಸಿಕ್ಕರೆ ಇಂಥ ಮಕ್ಕಳು ಬೇಗ ಚೇತರಿಸಿಕೊಳ್ಳುತ್ತಾರೆ.

ಶಾಲೆಯ ಟೀಚರನ್ನೂ ಕೇಳಿ. ಪೋಷಕರ ಸಭೆಯ ಗದ್ದಲದಲ್ಲಿ ಬೇಡ, ಬೇರೆ ದಿನ ಸಮಯ ಕೇಳಿಕೊಂಡು ಹೋಗಿ. "ಚೆನ್ನಾಗಿ ಓದ್ತಾನಾ?" ಅಂತ ಕೇಳುವ ಬದಲು "ಯಾವ ಪಾಠದಿಂದ ಹಿಂದೆ ಬಿದ್ದ?" ಅಂತ ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಹುಡುಕುವುದು ಎಲ್ಲಿ?

ಮಗು ನಡೆದು ಅಥವಾ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರದಲ್ಲೇ ಹುಡುಕಿ. ಶಾಲೆ ಬಿಟ್ಟು ಬಂದ ಮಗು ಮತ್ತೆ ಅರ್ಧ ಗಂಟೆ ಬಸ್ಸಲ್ಲಿ ಕೂತರೆ ಪಾಠ ತಲೆಗೆ ಹೋಗುವುದು ಕಷ್ಟ. ನಿವೃತ್ತ ಮೇಷ್ಟ್ರು, ಬಿ.ಇಡಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರು, ಎಂ.ಎಸ್ಸಿ ಓದುತ್ತಿರುವವರು, ಮೊದಲು ಶಾಲೆಯಲ್ಲಿ ಕಲಿಸಿ ಈಗ ಮನೆಯಲ್ಲಿರುವ ಹೆಣ್ಣುಮಕ್ಕಳು ಹೆಚ್ಚು ಕಡಿಮೆ ಎಲ್ಲ ಬಡಾವಣೆಯಲ್ಲೂ ಸಿಗುತ್ತಾರೆ. ಶಾಲೆ ಎದುರಿನ ಜೆರಾಕ್ಸ್ ಅಂಗಡಿಯವರನ್ನು ಕೇಳಿ ನೋಡಿ. ಯಾರು ಮಕ್ಕಳಿಗೆ ಪ್ರಶ್ನೆಪತ್ರಿಕೆ ಮಾಡಿಸಿಕೊಂಡು ಹೋಗುತ್ತಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪೂ ಆಗುತ್ತದೆ.

ಮಗುವಿನ ಶಾಲೆಯ ಟೀಚರ ಹತ್ತಿರವೇ ಟ್ಯೂಷನ್ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವಂತಿಲ್ಲ. ಕ್ಲಾಸಿನಲ್ಲಿ ಪಾಠ ಮಾಡಿ ಅಂಕ ಕೊಡುವವರೇ ಸಂಜೆ ಫೀಸ್ ತೆಗೆದುಕೊಂಡರೆ ಟ್ಯೂಷನ್ನಿಗೆ ಬರದ ಮಕ್ಕಳ ಗತಿ ಏನು? ಆ ಮಕ್ಕಳನ್ನು ನೆನೆದಾದರೂ ಈ ನಿಯಮ ಪಾಲಿಸಬೇಕು.

ಫೋನಿನಲ್ಲೇ ಕೇಳಬೇಕಾದ್ದು

ಯಾವ ಸಿಲಬಸ್, ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು, ಬೇರೆ ಬೇರೆ ಕ್ಲಾಸಿನವರನ್ನು ಒಟ್ಟಿಗೆ ಕೂರಿಸುತ್ತಾರಾ? ಹೈಸ್ಕೂಲಿನವರು ಸಿಲಬಸ್ ವಿಷಯ ಬಿಡಿಸಿ ಕೇಳಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಕ್ಕೆ ಬರವಣಿಗೆ ಪರೀಕ್ಷೆ 80 ಅಂಕಕ್ಕೆ, ಆಂತರಿಕ ಅಂಕ 20. ಸಿಬಿಎಸ್‌ಇ ಹತ್ತರಲ್ಲೂ ಹೀಗೇ 80-20. ಆದರೆ ಸಿಬಿಎಸ್‌ಇಯಲ್ಲಿ ಒಂದು ಸಂದರ್ಭ ಕೊಟ್ಟು ಅದರ ಮೇಲೆ ಕೇಳುವ ಪ್ರಶ್ನೆಗಳು ಜಾಸ್ತಿ. ಪಾಠ ಒಂದೇ ಆದರೂ ಉತ್ತರ ಬರೆಯುವ ಅಭ್ಯಾಸ ಬೇರೆ. ನಿಮ್ಮ ಮಗುವಿನ ಬೋರ್ಡಿನ ಮಾದರಿ ಪತ್ರಿಕೆ ಬಿಡಿಸಿ ಅಭ್ಯಾಸ ಇದೆಯಾ ಅಂತ ನೇರವಾಗಿ ಕೇಳಿ.

"90ಕ್ಕಿಂತ ಹೆಚ್ಚು ಗ್ಯಾರಂಟಿ" ಅನ್ನುವವರಿಗೆ ಅಲ್ಲೇ ನಮಸ್ಕಾರ ಹೇಳಿ ಫೋನ್ ಇಡಿ. ಮಗುವನ್ನು ನೋಡದೆ ಹಾಗೆ ಹೇಳುವುದು ಯಾರಿಗೂ ಸಾಧ್ಯವಿಲ್ಲ.

ಡೆಮೊ ಕ್ಲಾಸಿನಲ್ಲಿ ಪೆನ್ನು ಯಾರ ಕೈಯಲ್ಲಿದೆ?

ಫೀಸ್ ಕೊಡುವ ಮೊದಲು ಒಂದೆರಡು ದಿನ ಪಾಠಕ್ಕೆ ಕೂರಿಸಿ. ನೀವೂ ಸ್ವಲ್ಪ ದೂರದಲ್ಲಿ ಕೂತಿರಿ. ಗಂಟೆಯುದ್ದಕ್ಕೂ ಟೀಚರೇ ಬರೆದು, ಮಗು ತಲೆ ಆಡಿಸುತ್ತಿದ್ದರೆ ಆ ಟ್ಯೂಷನ್ ಬೇಡ.

ಅದೇ 1/2 + 1/3 ಲೆಕ್ಕವನ್ನು ಇಲ್ಲಿಯೂ ಕೊಡಿಸಿ ನೋಡಿ. ಮಗು 2/5 ಬರೆದ ಕೂಡಲೇ "ತಪ್ಪು, ಹೀಗೆ ಮಾಡು" ಅಂತ ಲಸಾಅ ತೆಗೆದು 5/6 ಬರೆದುಕೊಡುವವರೇ ಜಾಸ್ತಿ. ಕಲಿಸಲು ಬಲ್ಲವರು ಮೊದಲು "ಇದು ಹೇಗೆ ಬಂತು, ಹೇಳು" ಅನ್ನುತ್ತಾರೆ. ಆಮೇಲೆ "2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?" ಅಂತ ಕೇಳುತ್ತಾರೆ. ಮಗು ಲೆಕ್ಕ ಹಾಕುತ್ತದೆ, ಕಡಿಮೆ ಅನ್ನುತ್ತದೆ. "ಅರ್ಧ ರೊಟ್ಟಿ ಇತ್ತು, ಇನ್ನಷ್ಟು ಹಾಕಿದೆ, ಈಗ ಅರ್ಧಕ್ಕಿಂತ ಕಡಿಮೆ ಆಯ್ತಾ?" ಅಂದಾಗ ಮಗುವೇ ತನ್ನ ಉತ್ತರ ಅಳಿಸುತ್ತದೆ. ಹೀಗೆ ಕೇಳುವವರು ಸಿಕ್ಕರೆ ಡಿಗ್ರಿ ಯಾವುದು, ಬೋರ್ಡು ಹಾಕಿದ್ದಾರಾ ಅಂತೆಲ್ಲ ನೋಡಲು ಹೋಗಬೇಡಿ.

ಫೀಸ್

ಒಬ್ಬರಿಗೇ ಹೇಳುವ ಮನೆಪಾಠಕ್ಕೂ ಬ್ಯಾಚಿಗೂ ದರದಲ್ಲಿ ಬಹಳ ವ್ಯತ್ಯಾಸ ಇರುತ್ತದೆ. ನಿಮ್ಮ ಬಡಾವಣೆಯಲ್ಲೇ ಮೂರ್ನಾಲ್ಕು ಕಡೆ ವಿಚಾರಿಸಿದರೆ ಅಂದಾಜು ಸಿಗುತ್ತದೆ. ಇಡೀ ವರ್ಷದ್ದು ಒಟ್ಟಿಗೆ ಕಟ್ಟಬೇಡಿ, ತಿಂಗಳಿಗೊಮ್ಮೆ ಕೊಡಿ. ಟೀಚರ್ ರಜೆ ಹಾಕಿದ ಪಾಠ ಬೇರೆ ದಿನ ಸಿಗುತ್ತದಾ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ.

50ಕ್ಕಿಂತ ಹೆಚ್ಚು ಮಕ್ಕಳಿರುವ ಕೋಚಿಂಗ್ ಸೆಂಟರ್‌ಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರಕಾರ 16 ವರ್ಷದೊಳಗಿನ ಮಕ್ಕಳನ್ನು ಸೇರಿಸಿಕೊಳ್ಳುವಂತಿಲ್ಲ. ಪೂರ್ತಿ ಫೀಸ್ ಕಟ್ಟಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಹಿಂದಿರುಗಿಸಬೇಕು. ಮನೆಯಲ್ಲಿ ನಾಲ್ಕೈದು ಮಕ್ಕಳಿಗೆ ಹೇಳಿಕೊಡುವವರು ಇದರಡಿ ಬರುವುದಿಲ್ಲ. ಅಲ್ಲಿ ಮಾತೇ ಕರಾರು, ಹಾಗಾಗಿ ಮಾತು ಸ್ಪಷ್ಟವಾಗಿರಲಿ.

ಸುರಕ್ಷತೆಯ ವಿಷಯದಲ್ಲಿ ಸಂಕೋಚ ಬೇಡ

ಪಾಠ ಹಾಲಿನಲ್ಲೇ ನಡೆಯಲಿ, ಬಾಗಿಲು ತೆರೆದಿರಲಿ. ಮನೆಗೆ ಬಂದು ಹೇಳಿಕೊಡುವವರಾದರೆ ದೊಡ್ಡವರೊಬ್ಬರು ಮನೆಯಲ್ಲಿರಲಿ, ಅವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಮೊದಲು ಕಲಿಸಿದ ಎರಡು ಮನೆಯವರಿಗೆ ಫೋನ್ ಮಾಡಿ. ಒಳ್ಳೆಯ ಮೇಷ್ಟ್ರು ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ. ಮಗು ಇದ್ದಕ್ಕಿದ್ದ ಹಾಗೆ "ಅಲ್ಲಿಗೆ ಹೋಗಲ್ಲ" ಅಂದರೆ ಸೋಮಾರಿತನ ಅಂತ ಗದರಿಸಬೇಡಿ, ಕೂರಿಸಿಕೊಂಡು ಕೇಳಿ. ಗಂಡುಮಕ್ಕಳಾದರೂ ಅಷ್ಟೇ, ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಇದೆ. ಮಕ್ಕಳ ಸಹಾಯವಾಣಿ 1098.

ತಿಂಗಳಾದ ಮೇಲೆ

ಅಂಕ ಏರಲು ಹೊತ್ತು ಬೇಕು. ಒಂದು ತಿಂಗಳಲ್ಲಿ ನೋಡಬೇಕಾದ್ದು ನೋಟ್‌ಬುಕ್. ಮಗು ತಾನೇ ಮಾಡಿದ ಲೆಕ್ಕ ಇದೆಯಾ, ತಪ್ಪಿಗೆ ಪಕ್ಕದಲ್ಲಿ ತಿದ್ದುಪಡಿ ಇದೆಯಾ? ಶಾಲೆಯ ಹೋಂವರ್ಕನ್ನೇ ಅಲ್ಲಿ ಮುಗಿಸಿಕೊಂಡು ಬರುತ್ತಿದ್ದರೆ ಟೀಚರ್ ಜೊತೆ ಮಾತಾಡಿ. ಬಿಡಿಸುವುದಾದರೆ ವಾರ ಮೊದಲೇ ಹೇಳಿ, ಕಲಿಸಿದ ದಿನಗಳ ಹಣ ಚುಕ್ತಾ ಮಾಡಿ.

ಟ್ಯೂಷನ್ನಿಗೆ ಹಣ ಹೊಂದಿಸಲು ಆಗದವರು ಶಾಲೆಯಲ್ಲಿ ವಿಶೇಷ ತರಗತಿ ಇದೆಯಾ ಅಂತ ಕೇಳಿ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬಹಳಷ್ಟು ಹೈಸ್ಕೂಲುಗಳು ಬೆಳಿಗ್ಗೆ ಅಥವಾ ಸಂಜೆ ನಡೆಸುತ್ತವೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಕೂತು ಓದಬಹುದು. ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತ, ಮಾದರಿ ಪ್ರಶ್ನೆಪತ್ರಿಕೆಗಳು ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಸಿಗುತ್ತವೆ. ಬೀದಿಯಲ್ಲಿ ಪಿಯುಸಿ ಓದುವ ಅಕ್ಕನೋ ಅಣ್ಣನೋ ಇದ್ದರೆ, ವಾರಕ್ಕೆರಡು ಸಂಜೆ ಜೊತೆಗೆ ಕೂತು ಆ ಪತ್ರಿಕೆ ಬಿಡಿಸಿಕೊಡಲು ಕೇಳಿ ನೋಡಿ. ಇಲ್ಲ ಅನ್ನುವವರು ಕಡಿಮೆ.