ಶ್ರೀಶೈಲದ ಗೇಟು ತೆರೆಯುವ ದಿನಕ್ಕೆ ಸರಿಯಾಗಿ ಹೊರಟ ಪ್ರವಾಸ: ನನ್ನ ಅನುಭವ

ಕೃಷ್ಣೆಯ ಶ್ರೀಶೈಲ ಜಲಾಶಯಕ್ಕೆ ಪ್ರವಾಸ ಹೊರಡಿಸುವವರೆಲ್ಲರೂ ಮೊದಲು ದಿನಾಂಕ ಗೊತ್ತುಮಾಡಿ, ವಾಹನಕ್ಕೆ ಮುಂಗಡ ಕೊಟ್ಟು, ಅನಂತರ ಗೇಟುಗಳು ತೆರೆದಿರಲಿ ಎಂದು ದೇವರಿಗೆ ಕೈಮುಗಿಯುತ್ತಾರೆ. ನಾನು ಕ್ರಮವನ್ನು ತಿರುಗಿಸಿದೆ. ಮೊದಲು ನೀರಿನ ಲೆಕ್ಕ, ಅದರ ಮೇಲೆ ದಿನಾಂಕ, ಕೊನೆಗೆ ವಾಹನ. ಆಂಧ್ರದ ಗಡಿಯಲ್ಲಿ ಆದವಾನಿ ಕಡೆಯ ನಮ್ಮ ಕನ್ನಡದ ಹಳ್ಳಿಗಳಲ್ಲಿ ಈ ಮಾತನ್ನು ಒಪ್ಪಿದವರು ಬಹಳ ಕಡಿಮೆ. 2025ರ ಜುಲೈಯಲ್ಲಿ ಅದು ಕೈಗೂಡಿದ ಮೇಲೆ ಹೊಳಗುಂದ, ಕೌತಾಳಂ, ಹಾಲಹರ್ವಿ ಕಡೆಯಿಂದಲೂ ಪ್ರವಾಸ ಹೊರಡಿಸುವ ಗೆಳೆಯರು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮವರಿಗೆ ಶ್ರೀಶೈಲ ಹೊಸದಲ್ಲ. ಯುಗಾದಿಗೆ ಕಂಬಿ, ಎಂದರೆ ಹರಕೆಯ ಕಾವಡಿ, ಹೊತ್ತು ಕಾಲ್ನಡಿಗೆಯಲ್ಲಿ ಆತ್ಮಕೂರು, ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು, ಭೀಮುನಿಕೊಲನು ದಾಟಿ ಕೈಲಾಸದ್ವಾರ ಏರಿದವರು ಮನೆಗೊಬ್ಬರಾದರೂ ಇದ್ದಾರೆ. ಆದರೆ ಯುಗಾದಿ ಬರುವುದು ಜಲಾಶಯ ತಳಕ್ಕಿಳಿಯುತ್ತಿರುವ ಕಾಲದಲ್ಲಿ. ಆದ್ದರಿಂದ ಶ್ರೀಶೈಲದ ಮಲ್ಲಿಕಾರ್ಜುನನನ್ನು, ನಮ್ಮ ಮಲ್ಲಯ್ಯನನ್ನು, ವರ್ಷ ವರ್ಷವೂ ಕಂಡವರು ಕೂಡ, 1960ರಲ್ಲಿ ಆರಂಭವಾಗಿ 1981ರಲ್ಲಿ ಮುಗಿದ ಆ ಅಣೆಕಟ್ಟಿನ ಹನ್ನೆರಡು ಗೇಟುಗಳಲ್ಲಿ ಒಂದರಿಂದಲಾದರೂ ನೀರು ಧುಮುಕುವುದನ್ನು ಕಂಡಿರಲಿಲ್ಲ. ಇದು ನನಗೆ ಬಹಳ ದಿನಗಳಿಂದ ಕೊರಗಾಗಿತ್ತು.

ಹಿಂದಿನ ಪ್ರಯತ್ನಗಳಲ್ಲಿ ಹೋದ ಹಣದ ಮಾತನ್ನು ಮೊದಲು ಮುಗಿಸುತ್ತೇನೆ. ಆಗಸ್ಟಿನ ಎರಡನೆಯ ಭಾನುವಾರ ಎಂದು ಎಲ್ಲರಂತೆ ನಾವೂ ನಿಶ್ಚಯಿಸಿ ಹೊರಟ ವರ್ಷ, ನಾವು ತಲುಪುವ ಹಿಂದಿನ ಸಂಜೆ ಒಳಹರಿವು ಕುಸಿದು ಗೇಟುಗಳನ್ನು ಇಳಿಸಿದ್ದರು. ಒಣಗಿದ ಕಾಂಕ್ರೀಟಿನ ಇಳಿಜಾರನ್ನು ನೋಡಿ ಬಂದದ್ದಕ್ಕೆ ತಲೆಗೆ ಸಾವಿರದ ಮುನ್ನೂರರಷ್ಟು ಖರ್ಚಾಗಿತ್ತು. ಇನ್ನೊಂದು ವರ್ಷ ಗೇಟುಗಳೇನೋ ತೆರೆದಿದ್ದವು, ಆದರೆ ರಜೆಯ ದಿನವಾದ್ದರಿಂದ ಘಾಟಿಯಲ್ಲಿ ಕಿಲೋಮೀಟರುಗಟ್ಟಲೆ ವಾಹನಗಳು ನಿಂತು, ನಮ್ಮ ಟೆಂಪೊ ಅಣೆಕಟ್ಟಿನ ಕೆಳಗಿನ ಸೇತುವೆ ಮುಟ್ಟುವಷ್ಟರಲ್ಲಿ ಕತ್ತಲಾಯಿತು. 2023ರಲ್ಲಿ ಮಳೆಯೇ ಕೈಕೊಟ್ಟು ಜಲಾಶಯ ತುಂಬಲಿಲ್ಲ. ಆ ವರ್ಷ ವಾಹನದ ಮಾಲೀಕರೊಬ್ಬರು ಐದು ಸಾವಿರದ ಮುಂಗಡವನ್ನು ಹಿಂದಿರುಗಿಸಲು ಒಪ್ಪಲಿಲ್ಲ; ತಂಡದವರಿಗೆ ಅದನ್ನು ನನ್ನ ಕೈಯಿಂದಲೇ ತುಂಬಿಕೊಟ್ಟೆ. ನಿಶ್ಚಿತ ದಿನಾಂಕವನ್ನು ಅಂದೇ ಬಿಟ್ಟೆ.

ಈಗ ಲೆಕ್ಕಕ್ಕೆ ಬರೋಣ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯುಸೆಕ್; ನೂರು ಕೋಟಿ ಘನ ಅಡಿ ನೀರು ಒಂದು ಟಿಎಂಸಿ. ಒಂದು ಲಕ್ಷ ಕ್ಯುಸೆಕ್ ಹರಿವು ಒಂದು ಹಗಲು ಒಂದು ರಾತ್ರಿ ಬಂದರೆ 8.64 ಟಿಎಂಸಿ ಆಗುತ್ತದೆ. ಈ ಒಂದು ಅಂಕಿ ಬಾಯಿಪಾಠವಾಗಿದ್ದರೆ ಉಳಿದದ್ದು ಕೂಡಿಸಿ ಕಳೆಯುವ ಕೆಲಸ. ಶ್ರೀಶೈಲದ ಪೂರ್ಣ ಮಟ್ಟ 885 ಅಡಿ, ಆಗ ಅದರಲ್ಲಿ ಸುಮಾರು 215 ಟಿಎಂಸಿ. ಬಹಳ ಮಂದಿ ಅಡಿಗಳನ್ನು ಎಣಿಸುತ್ತಾರೆ: ನಿನ್ನೆ ಎರಡಡಿ ಏರಿತು, ಇಂದು ಎರಡಡಿ ಏರಿತು, ಆದ್ದರಿಂದ ಐದು ದಿನಕ್ಕೆ ಹತ್ತಡಿ ಎನ್ನುತ್ತಾರೆ. ಜಲಾಶಯ ಮೇಲೆ ಹೋದಂತೆ ಅಗಲವಾಗುತ್ತದೆ. 850 ಅಡಿಯ ಆಸುಪಾಸಿನಲ್ಲಿ ಹತ್ತಡಿ ಏರಲು 20 ಟಿಎಂಸಿ ಸಾಕಾದರೆ, ಕೊನೆಯ ಹತ್ತಡಿಗೆ 50 ಟಿಎಂಸಿ ಬೇಕು. ಅಡಿ ಎಣಿಸಿದವರು ಯಾವಾಗಲೂ ನಾಲ್ಕೈದು ದಿನ ಮುಂಚೆಯೇ ಹೋಗಿ ಬೆಟ್ಟದ ಮೇಲೆ ಕಾಯುತ್ತಾರೆ. ಟಿಎಂಸಿಯನ್ನೇ ಎಣಿಸಬೇಕು. ಇನ್ನೊಂದು ವಿಷಯವೆಂದರೆ, ಗೇಟು ಎತ್ತಲು ಅಧಿಕಾರಿಗಳು 885ರ ತನಕ ಕಾಯುವುದಿಲ್ಲ. ಒಳಹರಿವು ಜೋರಾಗಿದ್ದರೆ 880 ದಾಟಿದ ಮೇಲೆ ಯಾವಾಗ ಬೇಕಾದರೂ ಎತ್ತಬಹುದು. ಆದ್ದರಿಂದ ನನ್ನ ಗುರಿ 215 ಅಲ್ಲ, ಸುಮಾರು 190.

ಉದಾಹರಣೆಗೆ ಬೆಳಗಿನ ವರದಿಯಲ್ಲಿ ಸಂಗ್ರಹ 150 ಟಿಎಂಸಿ, ಒಳಹರಿವು ಒಂದೂವರೆ ಲಕ್ಷ ಎಂದಿರಲಿ. ದಿನಕ್ಕೆ 13 ಟಿಎಂಸಿ ಬಂತು. ಬಲದಂಡೆಯ ವಿದ್ಯುದಾಗಾರದಲ್ಲಿ 110 ಮೆಗಾವಾಟಿನ ಏಳು, ಎಡದಂಡೆಯ ನೆಲದೊಳಗಿನ ವಿದ್ಯುದಾಗಾರದಲ್ಲಿ 150 ಮೆಗಾವಾಟಿನ ಆರು ಘಟಕಗಳಿವೆ. ಎರಡೂ ಪೂರ್ತಿ ನಡೆದರೆ 65 ಸಾವಿರ ಕ್ಯುಸೆಕ್, ಎಂದರೆ ದಿನಕ್ಕೆ ಐದೂವರೆ ಟಿಎಂಸಿಗೂ ಮೇಲೆ, ಟರ್ಬೈನುಗಳ ಮೂಲಕವೇ ಕೆಳಗೆ ಹೋಗುತ್ತದೆ. ಪೋತಿರೆಡ್ಡಿಪಾಡಿನ ಕಾಲುವೆಗೆ 20 ಸಾವಿರ ಬಿಟ್ಟರೆ ಇನ್ನೊಂದೂ ಮುಕ್ಕಾಲು. ನಿಲ್ಲುವುದು ಐದೂ ಮುಕ್ಕಾಲು ಟಿಎಂಸಿಗೆ ಕಡಿಮೆ. ಬೇಕಾದ 40ಕ್ಕೆ ಒಂದು ವಾರ. ವಿದ್ಯುದಾಗಾರಗಳ ಈ ಕಳೆಯುವಿಕೆಯನ್ನು ಮರೆತವರ ಲೆಕ್ಕದಲ್ಲಿ ಅದು ನಾಲ್ಕೇ ದಿನವಾಗುತ್ತದೆ. ಬಲದಂಡೆ ಆಂಧ್ರದ್ದು, ಎಡದಂಡೆ ತೆಲಂಗಾಣದ್ದು. ಎರಡರಲ್ಲಿ ಯಾವುದು ಎಷ್ಟು ನಡೆಯುತ್ತಿದೆ ಎಂದು ಪ್ರತಿದಿನ ಬೇರೆ ಬೇರೆಯಾಗಿ ನೋಡಬೇಕು.

ಒಂದು ವಾರ ಮುಂದಿನದನ್ನು ಹೇಳಲು ಶ್ರೀಶೈಲದ ವರದಿಯೊಂದೇ ಸಾಲದು, ಮೇಲಿನಿಂದ ನೋಡುತ್ತ ಬರಬೇಕು. ಗಡಿಯಲ್ಲಿರುವ ನಮಗೆ ಇಲ್ಲಿ ದೊಡ್ಡ ಅನುಕೂಲವಿದೆ. ಆಲಮಟ್ಟಿ, ನಾರಾಯಣಪುರ, ತುಂಗಭದ್ರಾ ಅಂಕಿಗಳು ಕನ್ನಡ ಪತ್ರಿಕೆಗಳಲ್ಲಿ ಬರುತ್ತವೆ. ಕೆಳಗೆ ಕೃಷ್ಣೆಯ ಮೇಲಿರುವ ಜುರಾಲ, ತುಂಗಭದ್ರೆಯ ಮೇಲಿರುವ ಸುಂಕೇಸುಲ, ಮತ್ತು ಶ್ರೀಶೈಲದ ಅಂಕಿಗಳು ತೆಲುಗು ಪತ್ರಿಕೆಗಳಲ್ಲಿ. ಎರಡನ್ನೂ ಓದಬಲ್ಲವರು ನಾವೇ. ಆಲಮಟ್ಟಿಯ 123 ಟಿಎಂಸಿ ತುಂಬುವ ಹಂತಕ್ಕೆ ಬಂದು, ನಾರಾಯಣಪುರದಿಂದ ಲಕ್ಷ ಕ್ಯುಸೆಕ್ ಬಿಟ್ಟರೆಂದರೆ ಅದು ಜುರಾಲದಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಜುರಾಲ ಹಿಡಿಯುವುದು ಹತ್ತು ಟಿಎಂಸಿಯೊಳಗೆ. ನನ್ನ ಅಂದಾಜಿನಲ್ಲಿ ನಾರಾಯಣಪುರದ ನೀರು ಶ್ರೀಶೈಲದ ಹಿನ್ನೀರಿಗೆ ಸೇರಲು ಎರಡೂವರೆಯಿಂದ ಮೂರು ದಿನ, ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ನೀರು ಸುಂಕೇಸುಲದ ಮೇಲಿಂದ ಬರಲು ಕೂಡ ಹೆಚ್ಚುಕಡಿಮೆ ಅಷ್ಟೇ. ಭೀಮೆಯನ್ನು ಮರೆಯಬಾರದು. ಮಹಾರಾಷ್ಟ್ರದ ಉಜನಿ ಜಲಾಶಯ ತುಂಬಿ ಭೀಮೆ ಹರಿದರೆ ಅದು ಜುರಾಲಕ್ಕಿಂತ ಮೇಲೆಯೇ ಕೃಷ್ಣೆಯನ್ನು ಸೇರುತ್ತದೆ. ಆಲಮಟ್ಟಿಯನ್ನಷ್ಟೇ ನೋಡುತ್ತಿದ್ದವರಿಗೆ ಆ ನೀರು ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ. ಇವೆಲ್ಲಕ್ಕಿಂತ ಎರಡು ದಿನ ಮುಂಚೆ ಸುಳಿವು ಕೊಡುವ ಇನ್ನೊಂದು ಗುರುತು ನನ್ನ ಬಳಿ ಇದೆ. ಹಲವು ಮಳೆಗಾಲ ಕಾದು ಕಂಡುಕೊಂಡ ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

2025ರಲ್ಲಿ ಮಳೆ ಮುಂಚೆಯೇ ಹಿಡಿಯಿತು. ತುಂಗಭದ್ರೆಯಲ್ಲಿ ಹಿಂದಿನ ವರ್ಷದ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋಗಿದ್ದರಿಂದ, ಆ ಸಲ 80 ಟಿಎಂಸಿಯಷ್ಟೇ ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ಅಂದರೆ ತುಂಗಭದ್ರೆಯ ನೀರು ಎಂದಿಗಿಂತ ಬೇಗ ಕೆಳಗೆ ಬರಲೇಬೇಕು. ಜೂನ್ ಮುಗಿಯುವ ಮೊದಲೇ ನಾನು ತಂಡದವರಿಗೆ, ಜುಲೈ ಎರಡನೆಯ ವಾರಕ್ಕೆ ಸಿದ್ಧರಾಗಿರಿ ಎಂದೆ. ಕಂಬಿ ಹೊತ್ತು ನಡೆದು ನಡೆದು ಹಣ್ಣಾದ ನಮ್ಮೂರಿನ ಹಿರಿಯರೊಬ್ಬರು, "ಆಷಾಢದಾಗ ಯಾರಾನ ಪಯಣ ಕಟ್ತಾರೇನೋ ತಮ್ಮಾ? ಶ್ರಾವಣ ಬರ್ಲಿ, ನೀರೂ ಬರ್ತೈತಿ" ಎಂದರು. ಪ್ರವಾಸ ಹೊರಡಿಸುವ ನಮ್ಮ ಬಳಗದವರ ಅಭಿಪ್ರಾಯವೂ ಅದೇ ಆಗಿತ್ತು.

ಆಷಾಢವೇ ನನ್ನ ಹಣದ ಲೆಕ್ಕವನ್ನು ಸರಿಮಾಡಿತು. ಮದುವೆಗಳಿಲ್ಲದೆ ಟೆಂಪೊಗಳು ಶೆಡ್ಡಿನಲ್ಲಿ ನಿಂತಿರುತ್ತವೆ. ಅದರಲ್ಲೂ ಮಂಗಳವಾರದಿಂದ ಗುರುವಾರದ ತನಕ ಯಾರೂ ಕೇಳುವುದಿಲ್ಲ. ಹದಿನೇಳು ಆಸನದ ವಾಹನವೊಂದರ ಮಾಲೀಕರೊಂದಿಗೆ ಮಾಡಿಕೊಂಡ ಒಪ್ಪಂದ ಹೀಗಿತ್ತು: ಮುಂಗಡವಿಲ್ಲ, ಎರಡು ದಿನ ಮುಂಚೆ ಹೇಳುತ್ತೇನೆ, ವಾರದ ನಡುವಿನ ದಿನ, ಬಂದ ಕೂಡಲೇ ಪೂರ್ತಿ ಹಣ. ಶ್ರಾವಣದಲ್ಲಿ ಹದಿನೇಳು ಸಾವಿರ ಕೇಳುತ್ತಿದ್ದವರು ಹದಿಮೂರೂವರೆಗೆ ಒಪ್ಪಿದರು. ತಂಡದವರಿಂದ ತಲೆಗೆ ಐನೂರು ಮೊದಲೇ ಕಟ್ಟಿಸಿಕೊಂಡಿದ್ದೆ. ಕರೆದಾಗ ಬಾರದವರ ಐನೂರು ಬಂದವರ ಊಟಕ್ಕೆ. ಈ ನಿಯಮವಿಲ್ಲದೆ, ದಿನಾಂಕವಿಲ್ಲದ ಪ್ರವಾಸಕ್ಕೆ ಜನರನ್ನು ಹಿಡಿದಿಡಲು ಸಾಧ್ಯವೇ ಇಲ್ಲ.

ಜುಲೈ 8, ಮಂಗಳವಾರ, ಆಂಧ್ರದ ಮುಖ್ಯಮಂತ್ರಿಗಳು ಜಲಹಾರತಿ ಕೊಟ್ಟು ನಾಲ್ಕು ಗೇಟುಗಳನ್ನು ತೆರೆದರು. ಮಟ್ಟ ಆಗ 881 ಅಡಿ ದಾಟಿತ್ತು. ವಾಹನಕ್ಕೆ ನಾನು ಅದಕ್ಕೂ ಮುಂಚೆಯೇ ಹೇಳಿಯಾಗಿತ್ತು. ಅಂದೇ ನಡುರಾತ್ರಿ ಕಳೆದು ಎರಡಕ್ಕೆ ಆದವಾನಿ ಬಿಟ್ಟೆವು. ದೋರ್ನಾಲದಿಂದ ಮುಂದಿನ ಹುಲಿ ಅಭಯಾರಣ್ಯದ ದಾರಿಯನ್ನು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಮುಚ್ಚುವುದರಿಂದ ಅದಕ್ಕಿಂತ ಬೇಗ ಹೊರಟು ಪ್ರಯೋಜನವಿಲ್ಲ. ಆತ್ಮಕೂರಿನಲ್ಲಿ ಚಹಾ ಕುಡಿದು, ಕಾಡು ದಾಟಿ, ದೇವಸ್ಥಾನದ ಕಡೆಗೆ ತಿರುಗದೆ ನೇರವಾಗಿ ಅಣೆಕಟ್ಟಿನ ಕಡೆಗೆ ಸುನ್ನಿಪೆಂಟದ ತಿರುವುಗಳನ್ನು ಇಳಿದೆವು. ದರ್ಶನ ಮೊದಲು ಎಂದವರಿಗೆ ನಾನು ಒಪ್ಪಲಿಲ್ಲ. ಹೊತ್ತೇರಿದಂತೆ ಹೈದರಾಬಾದಿನ ಕಾರುಗಳು ಬಂದು ಸೇತುವೆ ತುಂಬಿಬಿಡುತ್ತದೆ. ಮಲ್ಲಯ್ಯ ಮಧ್ಯಾಹ್ನವೂ ಅಲ್ಲೇ ಇರುತ್ತಾನೆ.

ಕೆಳಗಿನ ಸೇತುವೆಯ ಮೇಲೆ ವಾಹನ ನಿಲ್ಲಿಸಲು ಪೊಲೀಸರು ಬಿಡುವುದಿಲ್ಲ. ನಡೆದು ಹೋಗಬೇಕು, ಟೆಂಪೊ ಎಲ್ಲಿ ನಿಲ್ಲಿಸುತ್ತೇವೆ ಎಂಬುದು ನಮ್ಮ ತಂಡಕ್ಕೆ ಮಾತ್ರ ಸೇರಿದ್ದು. ಒಂದು ಗೇಟನ್ನು ಹತ್ತಡಿ ಎತ್ತಿದರೆ ಸುಮಾರು 27 ಸಾವಿರ ಕ್ಯುಸೆಕ್ ಬರುತ್ತದೆ ಎಂದು ಎಷ್ಟೋ ಸಲ ಓದಿದ್ದೆ. ಆ ಅಂಕಿ ಕಣ್ಣೆದುರು ಹೀಗಿತ್ತು: ಗೇಟಿನಡಿಯಿಂದ ಹೊರಬಂದ ನೀರು ಇಳಿಜಾರಿನಲ್ಲಿ ಕ್ಷಣದಲ್ಲೇ ಬಿಳಿಯಾಗಿ, ಬುಡದ ಬಾಗಿದ ತುದಿಗೆ ಬಡಿದು ಮತ್ತೆ ಮೇಲಕ್ಕೆ ಚಿಮ್ಮಿ, ಅಲ್ಲಿಂದ ನದಿಗೆ ಬೀಳುತ್ತಿತ್ತು. ಸೇತುವೆಯ ಕಬ್ಬಿಣದ ಕಂಬಿ ಹಿಡಿದವರ ಅಂಗೈಗೆ ನಡುಕ ತಿಳಿಯುತ್ತಿತ್ತು. ತುಂತುರಿನಿಂದ ಕನ್ನಡಕ ಮಂಜಾಗಿ, ಸೀರೆಯ ಸೆರಗುಗಳೆಲ್ಲ ತೊಯ್ದು, ಪಕ್ಕದವರ ಮಾತು ಕೇಳಿಸದೆ ಎಲ್ಲರೂ ಕೈಸನ್ನೆ ಮಾಡುತ್ತಿದ್ದರು. ಅರ್ಧ ಗಂಟೆ ಎಂದು ಹೇಳಿದ್ದವರು ಎರಡು ಗಂಟೆ ಅಲ್ಲಿಂದ ಕದಲಲಿಲ್ಲ.

ಮಧ್ಯಾಹ್ನ, ಮೆಟ್ಟಿಲಿಳಿದು ನದಿ ಮುಟ್ಟುವ ಪಾತಾಳಗಂಗೆಯ ಘಟ್ಟಕ್ಕೆ ಹೋದೆವು. ಆಷಾಢವೆಂದು ತಡೆದಿದ್ದ ಆ ಹಿರಿಯರು ಮೆಟ್ಟಿಲಿಳಿಯುತ್ತಿದ್ದವರು ಅರ್ಧದಲ್ಲೇ ನಿಂತರು. "ಯುಗಾದಿಗೆ ಇಳ್ದು ಇಳ್ದು ಮೊಣಕಾಲು ಹೋಗಿದ್ವು. ಈ ಸಲ ಗಂಗವ್ವ ತಾನೇ ಮ್ಯಾಲೆ ಬಂದಾಳಲ್ಲೋ!" ಎಂದು ಅಲ್ಲೇ ಕೂತು ಕಾಲು ತೊಳೆದರು. ಹತ್ತು ವರ್ಷ ಈ ಲೆಕ್ಕದ ಹಿಂದೆ ಬಿದ್ದದ್ದಕ್ಕೆ ನನಗೆ ಅಷ್ಟು ಸಾಕು.

ನಡುವೆ ಮಾಡಿದ ಬೇರೆ ಪ್ರಯೋಗಗಳ ಬಗ್ಗೆಯೂ ಎರಡು ಮಾತು. ವಿದ್ಯುದಾಗಾರದ ಒಳಗೆ ಹೋಗಲು ಅನುಮತಿ ಕೇಳಿ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. 2020ರ ಆಗಸ್ಟಿನಲ್ಲಿ ಎಡದಂಡೆಯ ಆಗಾರದಲ್ಲಿ ಬೆಂಕಿ ಬಿದ್ದು ಒಂಬತ್ತು ಮಂದಿ ತೀರಿಕೊಂಡ ಮೇಲೆ ನಾನೂ ಒತ್ತಾಯಿಸುವುದನ್ನು ಬಿಟ್ಟೆ. ಬೇಸಿಗೆಯಲ್ಲಿ, ಹಿನ್ನೀರು ಚೆನ್ನಾಗಿ ಇಳಿದಾಗ ಮಾತ್ರ ಹೊರಗೆ ಕಾಣುವ ಸಂಗಮೇಶ್ವರಕ್ಕೆ ಸಣ್ಣ ತಂಡವೊಂದನ್ನು ಒಯ್ದಿದ್ದೆ. ಅದು ತಲೆಗೆ ಆರುನೂರರೊಳಗೆ ಮುಗಿಯಿತು. ಗೇಟು ತೆರೆದ ನೀರನ್ನು ನೋಡಿದವರು ಅದೇ ನೀರಿನಡಿ ಮುಳುಗುವ ಗುಡಿಯನ್ನೂ ನೋಡಬೇಕು. ಹೊಸಪೇಟೆ ಹತ್ತಿರವಿರುವಾಗ ಇಷ್ಟು ದೂರ ಏಕೆ ಎನ್ನುವವರಿಗೆ ನನ್ನ ಉತ್ತರ ಒಂದೇ: ಅಲ್ಲಿ 33 ಗೇಟುಗಳಿವೆ, ಆದರೆ ಶ್ರೀಶೈಲದ ನಲ್ಲಮಲ ಬೆಟ್ಟಗಳ ಕಣಿವೆಯಿಲ್ಲ.

2025ರ ಖರ್ಚು ವಾಹನ, ಊಟ, ಚಹಾ, ಚಾಲಕರ ಭತ್ಯೆ ಎಲ್ಲ ಸೇರಿ ತಲೆಗೆ ಸಾವಿರದ ನೂರರ ಆಸುಪಾಸಿನಲ್ಲಿ ನಿಂತಿತು. ಮುಂದಿನ ಗುರಿ ನಾಗಾರ್ಜುನಸಾಗರ. 590 ಅಡಿ, 26 ಗೇಟುಗಳು, ಮೇಲಿನಿಂದ ಬರುವ ನೀರಿನ ಲೆಕ್ಕ ಇದೇ, ಮೂಲ ಮಾತ್ರ ಶ್ರೀಶೈಲ. ಆದರೆ ಆದವಾನಿಯಿಂದ ಅಲ್ಲಿಗೆ ಒಂದೇ ದಿನದಲ್ಲಿ ಹೋಗಿಬರಲು ಆಗುವುದಿಲ್ಲ. ದಿನಾಂಕ ಹೇಳದೆ ಹದಿನೇಳು ಜನರಿಗೆ ಒಂದು ರಾತ್ರಿಯ ವಸತಿ ಕೊಡಲು ಒಪ್ಪುವವರನ್ನು ಈಗಿನಿಂದಲೇ ಹುಡುಕುತ್ತಿದ್ದೇನೆ.