ಹೆದರಿಕೆಯ ಸಿನೆಮಾ ಹಾಕು ಚಿಕ್ಕಮ್ಮ

ಬೇಸಿಗೆ ರಜೆಯಲ್ಲಿ ಪುತ್ತೂರಿನ ಹತ್ತಿರದ ನಮ್ಮ ಮನೆಗೆ ಅಕ್ಕಂದಿರ ಮಕ್ಕಳೆಲ್ಲ ಬಂದು ಸೇರುತ್ತಾರೆ. ಎಲ್ಲರಿಗಿಂತ ಚಿಕ್ಕವಳಿಗೆ 6 ವರ್ಷ, ದೊಡ್ಡವನಿಗೆ 13, ನನ್ನ ಮಗ ನಡುವೆ ಎಲ್ಲೋ. ತೋಟ ಸುತ್ತಿ, ಗೇರುಹಣ್ಣು ತಿಂದು, ಬಟ್ಟೆಗೆಲ್ಲ ಕಲೆ ಮಾಡಿಕೊಂಡು ಬಂದ ಮೇಲೆ ಮಧ್ಯಾಹ್ನದ ಸೆಕೆಗೆ ಚಾವಡಿಯಲ್ಲಿ ಬಿದ್ದುಕೊಂಡು ಎಲ್ಲರದ್ದೂ ಒಂದೇ ರಾಗ: ದೆವ್ವದ ಸಿನೆಮಾ ಹಾಕು. ಇಷ್ಟು ವಯಸ್ಸಿನ ಅಂತರ ಇರುವ ಗುಂಪಿಗೆ ಒಂದೇ ಸಿನೆಮಾ ಆರಿಸುವ ಕೆಲಸ ಹಲವು ರಜೆಗಳಿಂದ ನನ್ನ ಪಾಲಿಗೆ ಬಂದಿದೆ. ಅಜ್ಜ ಪ್ರತಿ ಸಲವೂ "ಮಕ್ಕಳಿಗೆ ಎಂತಕ್ಕೆ ಅದೆಲ್ಲ?" ಅನ್ನುತ್ತಾರೆ. ರಾತ್ರಿ ಊಟ ಆದ ಮೇಲೆ ಅದೇ ಮಕ್ಕಳಿಗೆ ಹಳೇ ಸಂಕದ ಹತ್ತಿರ ಬಿಳಿ ಸೀರೆ ಉಟ್ಟು ನಿಂತವಳ ಕತೆ ಹೇಳುವವರೂ ಅವರೇ.

ಸರ್ಟಿಫಿಕೇಟನ್ನು ಮೊದಲ ಜರಡಿಯಾಗಿ ಮಾತ್ರ ಬಳಸುತ್ತೇನೆ. ಹಿಂದೆಲ್ಲ ನಮ್ಮಲ್ಲಿ ಯುಎ ಅಂದರೆ 12ಕ್ಕಿಂತ ಚಿಕ್ಕವರ ಜೊತೆ ದೊಡ್ಡವರು ಇದ್ದು ನೋಡಿಕೊಳ್ಳಬೇಕು ಅಂತ, ಅಷ್ಟೇ. 2023ರ ತಿದ್ದುಪಡಿ ಕಾಯ್ದೆ, 2024ರ ನಿಯಮ ಬಂದ ಮೇಲೆ ಅದೇ ಯುಎ ಒಳಗೆ 7+, 13+, 16+ ಅಂತ ಮೂರು ಮೆಟ್ಟಿಲು ಮಾಡಿದ್ದಾರೆ. ಒಟಿಟಿಯಲ್ಲಿ 2021ರ ನಿಯಮದಿಂದಲೇ ಇಂಥ ವಿಂಗಡಣೆ ಇದೆ, ಪಕ್ಕದಲ್ಲಿ ಹಿಂಸೆ, ಭಯ, ಬೈಗುಳ ಅಂತ ಕಾರಣವೂ ಬರೆದಿರುತ್ತದೆ. ಆ ಕಾರಣದ ಸಾಲನ್ನು ಓದಿಯೇ ಓದುತ್ತೇನೆ. ಹಳೆಯ ಇಂಗ್ಲಿಷ್ ಸಿನೆಮಾಗಳ ಪಿಜಿಯನ್ನು, ಅಂದರೆ ಅಪ್ಪ ಅಮ್ಮ ನೋಡಿಕೊಂಡು ತೋರಿಸಲಿ ಅನ್ನುವ ಅಮೆರಿಕದ ಗುರುತನ್ನು, ಮಾತ್ರ ನಂಬುವುದಿಲ್ಲ. 13ಕ್ಕಿಂತ ಚಿಕ್ಕವರಿಗೆ ಇನ್ನೂ ಹುಷಾರು ಅನ್ನುವ ಪಿಜಿ-13 ಅಲ್ಲಿ ಬಂದದ್ದೇ 1984ರಲ್ಲಿ, ಪಿಜಿ ಅಂತ ಧೈರ್ಯ ಮಾಡಿ 'ಗ್ರೆಮ್ಲಿನ್ಸ್'ನಂಥವಕ್ಕೆ ಮಕ್ಕಳನ್ನು ಕರೆದುಕೊಂಡು ಹೋದ ಅಪ್ಪ ಅಮ್ಮಂದಿರು ಗಲಾಟೆ ಎಬ್ಬಿಸಿದ ಮೇಲೆ. ಅದಕ್ಕಿಂತ ಹಿಂದಿನ ಪಿಜಿಯಲ್ಲಿ ಏನು ಬೇಕಾದರೂ ಇದ್ದೀತು. ಶಾರ್ಕ್ ಮನುಷ್ಯರನ್ನು ತಿನ್ನುವ 1975ರ 'ಜಾಸ್' ಕೂಡ ಪಿಜಿಯೇ!

ಸರ್ಟಿಫಿಕೇಟು ರಕ್ತ ಎಷ್ಟು ಹರಿಯಿತು ಅಂತ ಹೇಳೀತು. ನಮ್ಮ ಚಿಕ್ಕವಳಿಗೆ ರಕ್ತ ಕಂಡರೆ ಏನೂ ಇಲ್ಲ, ಮೊಣಕಾಲು ಸುಲಿದುಕೊಂಡು ತಾನೇ ಕಮ್ಯೂನಿಸ್ಟ್ ಸೊಪ್ಪು ಕಿತ್ತು ಹಚ್ಚಿಕೊಳ್ಳುವವಳು. ಅವಳು ಹೆದರುವುದು ಗೊತ್ತಿದ್ದ ಮುಖ ಬೇರೆಯಾದಾಗ. ಸಿನೆಮಾ ಆರಿಸುವಾಗ ನಾನು ಮೊದಲು ಹುಡುಕುವುದೂ ಅದನ್ನೇ: ಇದರಲ್ಲಿ ಹೆದರಿಸುವವರು ಹೊರಗಿನವರೋ, ಮನೆಯವರೇ ಹಾಗೆ ಆಗಿಬಿಡುತ್ತಾರೋ?

ಕೋರೆ ಹಲ್ಲಿನ ರಾಕ್ಷಸ ಗುಡ್ಡದ ಮೇಲಿನ ಬಂಗಲೆಯಲ್ಲಿ ಇದ್ದರೆ 6 ವರ್ಷದವರೂ ತಡೆದುಕೊಳ್ಳುತ್ತಾರೆ, ಬಂಗಲೆಗೆ ಹೋಗದಿದ್ದರೆ ಆಯಿತಲ್ಲ. ಅಮ್ಮನೇ ಇನ್ನೇನೋ ಆಗಿಬಿಟ್ಟರೆ ಓಡಿಹೋಗುವುದು ಯಾರ ಹತ್ತಿರಕ್ಕೆ? ಅಮೆರಿಕದ ಪ್ರಾಧ್ಯಾಪಕಿ ಜೊಯಾನ್ ಕ್ಯಾಂಟರ್ ಮಕ್ಕಳು ಮತ್ತು ಪರದೆಯ ಭಯದ ಬಗ್ಗೆ ವರ್ಷಾನುಗಟ್ಟಲೆ ಕೆಲಸ ಮಾಡಿದವರು. 'ಇನ್‌ಕ್ರೆಡಿಬಲ್ ಹಲ್ಕ್' ಧಾರಾವಾಹಿ ನೋಡಿ ಶಾಲೆಗೆ ಹೋಗದ ವಯಸ್ಸಿನ ಮಕ್ಕಳು ಬೆಚ್ಚಿಬೀಳುತ್ತಿದ್ದದ್ದು ಒಳ್ಳೆಯ ಮನುಷ್ಯ ಹಸಿರು ದೈತ್ಯನಾಗಿ ಮಾರ್ಪಡುವ ಹೊತ್ತಿಗೆ ಅಂತ ಅವರು ಕಂಡುಕೊಂಡರು. ದೊಡ್ಡ ಮಕ್ಕಳಿಗೆ ಅಲ್ಲಿ ಅಷ್ಟು ಭಯವಿಲ್ಲ, ಆ ದೈತ್ಯ ಒಳ್ಳೆಯವರನ್ನು ಕಾಪಾಡುತ್ತಾನೆ ಅಂತ ಅವರಿಗೆ ಗೊತ್ತು. ಇದನ್ನು ಓದಿದಾಗ ನಮ್ಮ ಚಾವಡಿಯ ಲೆಕ್ಕ ನನಗೆ ಸರಿಯಾಗಿ ಕೂತಿತು.

'ಆಪ್ತಮಿತ್ರ'ವನ್ನೇ ನೋಡಿ. ನನ್ನ ಮಗನಿಗೂ 13ರವನಿಗೂ ಅದು ಮಜಾ. ಡಾಕ್ಟರು ಬರುತ್ತಾರೆ, ಇದು ಮನಸ್ಸಿನ ಕಾಯಿಲೆ ಅಂತ ಬಿಡಿಸಿ ಹೇಳುತ್ತಾರೆ, ಇಬ್ಬರೂ ಪತ್ತೇದಾರರ ಹಾಗೆ ಸುಳಿವು ಹಿಡಿದು ಕೂರುತ್ತಾರೆ. ಚಿಕ್ಕವಳಿಗೆ ಆ ವಿವರಣೆ ಯಾವುದೂ ತಟ್ಟುವುದಿಲ್ಲ. ಅವಳಿಗೆ ಕಾಣುವುದು ನಗುನಗುತ್ತಾ ಇದ್ದ ನಟಿ ಸೌಂದರ್ಯ ಕಣ್ಣು ದೊಡ್ಡದು ಮಾಡಿ ಬೇರೆ ಯಾರೋ ಆಗುವುದು. ಹಾಗಾಗಿ ಅದು ದೊಡ್ಡವರ ಪಟ್ಟಿಯಲ್ಲಿ. ಜಪಾನಿನ 'ಸ್ಪಿರಿಟೆಡ್ ಅವೇ' ಚಂದದ ಚಿತ್ರ, ಅದರಲ್ಲಿ ದೆವ್ವ ದೇವತೆಗಳು ಸಾಲುಗಟ್ಟಿ ಬರುತ್ತಾರೆ, ಆದರೆ ಶುರುವಿನಲ್ಲೇ ಅಪ್ಪ ಅಮ್ಮ ಗಬಗಬ ತಿಂದು ಹಂದಿಗಳಾಗುತ್ತಾರೆ. ಅಷ್ಟು ದಾಟಿದರೆ ಮುಂದೆ ತೊಂದರೆ ಇಲ್ಲ. ನಾನು ಮೊದಲೇ "ಅಪ್ಪ ಅಮ್ಮ ಹಂದಿ ಆಗ್ತಾರೆ, ಕೊನೆಗೆ ಸರಿ ಆಗ್ತಾರೆ" ಅಂತ ಹೇಳಿಬಿಡುತ್ತೇನೆ. ಕತೆ ಹೇಳಿದರೆ ರುಚಿ ಕೆಡುತ್ತದೆ ಅನ್ನುವುದು ದೊಡ್ಡವರ ಕೊರಗು. ಚಿಕ್ಕ ಮಕ್ಕಳು ಗೊತ್ತಿದ್ದ ಕತೆಯನ್ನೇ ನೂರು ಸಲ ಕೇಳುವವರು.

2009ರ 'ಕೊರಲೈನ್' ಇನ್ನೂ ಬಿಗಿ. ಅದು ಬೊಂಬೆಗಳ ಸಿನೆಮಾ, ಅಮೆರಿಕದಲ್ಲಿ ಪಿಜಿ, ಆದ್ದರಿಂದ ಮಕ್ಕಳದ್ದು ಅಂತ ತುಂಬ ಜನ ಕಣ್ಣು ಮುಚ್ಚಿ ಹಾಕುತ್ತಾರೆ. ಗೋಡೆಯಲ್ಲಿನ ಪುಟ್ಟ ಬಾಗಿಲಿನ ಆಚೆ ಇನ್ನೊಬ್ಬ ಅಮ್ಮ, ಒಳ್ಳೊಳ್ಳೆ ಅಡುಗೆ ಮಾಡಿ ಬಡಿಸುವವಳು, ಕಣ್ಣಿದ್ದಲ್ಲಿ ಕಪ್ಪು ಗುಂಡಿ. ನಿನ್ನ ಕಣ್ಣಿಗೂ ಗುಂಡಿ ಹೊಲಿಯುತ್ತೇನೆ ಅನ್ನುತ್ತಾಳೆ. ನನ್ನ ಲೆಕ್ಕದಲ್ಲಿ ಇದು 9 ವರ್ಷಕ್ಕೆ ಮೊದಲು ಬೇಡ. ಆ ವಯಸ್ಸು ದಾಟಿದವರಿಗೆ ಮಾತ್ರ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ, ಏಕೆಂದರೆ ಹುಡುಗಿ ಯಾರಿಗೂ ಕಾಯದೆ ತಾನೇ ಉಪಾಯ ಮಾಡಿ ಅಪ್ಪ ಅಮ್ಮನನ್ನು ಬಿಡಿಸಿಕೊಂಡು ಬರುತ್ತಾಳೆ. ನಾನು ನೋಡುವ ಎರಡನೇ ವಿಷಯ ಇದು. ಸಿನೆಮಾದೊಳಗಿನ ಮಗು ಬರೀ ಕಿರುಚಿಕೊಂಡು ಓಡುತ್ತದೋ, ಏನಾದರೂ ಮಾಡುತ್ತದೋ? ಓಡುವುದೇ ಆದರೆ ಬೇಡ.

ಸಣ್ಣವರಿಗೆ ನಾನು ಶುರು ಮಾಡುವುದು ಸತ್ಯಜಿತ್ ರಾಯ್ ಅವರ 'ಗೂಪಿ ಗಾಯೆನ್ ಬಾಘಾ ಬಾಯೆನ್'ನಿಂದ. 1969ರ ಚಿತ್ರ, ಹೆಚ್ಚುಕಡಿಮೆ ಪೂರ್ತಿ ಕಪ್ಪು ಬಿಳುಪು. ಕಾಡಿನಲ್ಲಿ ದೆವ್ವಗಳು ಕುಣಿಯುತ್ತವೆ, ದೆವ್ವಗಳ ರಾಜ ಮೂರು ವರ ಕೊಡುತ್ತಾನೆ. ಬಂಗಾಳಿ ಯಾರಿಗೂ ಬಾರದು, ನಾನೇ ಪಕ್ಕದಲ್ಲಿ ಕೂತು ಅರ್ಥ ಹೇಳುತ್ತೇನೆ. ಅದು ಒಳ್ಳೆಯದೇ, ಗೊತ್ತಿರುವ ದನಿ ಕಿವಿಗೆ ಬೀಳುತ್ತಾ ಇದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ. ಆಮೇಲಿನ ಮೆಟ್ಟಿಲು ವಿಶಾಲ್ ಭಾರದ್ವಾಜ್ ಅವರ 2002ರ 'ಮಕ್ಡೀ'. ಶಬಾನಾ ಆಜ್ಮಿ ಮಾಟಗಾತಿ, ಅವಳಿಜವಳಿಯಲ್ಲಿ ಒಬ್ಬಳನ್ನು ಕೋಳಿ ಮಾಡಿದಳು ಅಂತ ಇನ್ನೊಬ್ಬಳ ಪರದಾಟ. ಕೊನೆಗೆ ಮಾಟಗಾತಿಯ ಗುಟ್ಟು ರಟ್ಟಾಗುತ್ತದೆ, ಮಕ್ಕಳಿಗೆ ಆ ಬಯಲಾಗುವ ಗಳಿಗೆ ಬಹಳ ಇಷ್ಟ. 2008ರ 'ಭೂತನಾಥ್'ನಲ್ಲಿ ಹೆದರಿಕೆ ಅಂಥದ್ದೇನಿಲ್ಲ, ದ್ವಿತೀಯಾರ್ಧ ಪೂರ್ತಿ ಅಪ್ಪ ಮಗನ ಸಂಕಟ. ನಮ್ಮಲ್ಲಿ ಮಕ್ಕಳು ಆಕಳಿಸಿದರು, ಅಜ್ಜ ಕನ್ನಡಕ ಒರೆಸಿಕೊಂಡರು.

ಕನ್ನಡದಲ್ಲಿ ಮಕ್ಕಳಿಗೆಂದೇ ಮಾಡಿದ, ಹಿತವಾಗಿ ಹೆದರಿಸುವ ಚಿತ್ರ ಹುಡುಕಿದರೆ ಕೈಗೆ ಸಿಗುವುದು ಬಹಳ ಕಡಿಮೆ. ದೊಡ್ಡವರ ದೆವ್ವದ ಸಿನೆಮಾಗಳೇ ಮಕ್ಕಳ ಕಣ್ಣಿಗೂ ಬೀಳುತ್ತವೆ. ಇದು ನನ್ನ ಹಳೆಯ ದೂರು, ಇಲ್ಲಿಗೇ ಬಿಡುತ್ತೇನೆ.

'ಕಾಂತಾರ'ವನ್ನು ನಾನು ಈ ಪಟ್ಟಿಗೇ ಸೇರಿಸುವುದಿಲ್ಲ. ಅದರಲ್ಲಿ ಹೊಡೆದಾಟ ಜಾಸ್ತಿ ಅನ್ನುವುದು ಒಂದು. ಅದಕ್ಕಿಂತ, ನಮ್ಮ ಮಕ್ಕಳು ಅದರಲ್ಲಿ ಬರುವ ದೈವಗಳಾದ ಪಂಜುರ್ಲಿಗೆ, ಗುಳಿಗನಿಗೆ ಕೈ ಮುಗಿಯುವವರು. ನಿಜ ಅಂತ ನಂಬಿದ್ದನ್ನು "ಅದೆಲ್ಲ ಸುಳ್ಳು, ಬಣ್ಣ ಹಚ್ಚಿದ್ದು" ಅಂತ ಹೇಳಿ ಸಮಾಧಾನ ಮಾಡಲು ನನಗೆ ಬಾಯಿ ಬರುವುದಿಲ್ಲ.

ಉಳಿದವಕ್ಕೆಲ್ಲ ಬಣ್ಣ ತೋರಿಸುವುದೇ ಮದ್ದು. ನಾವು ಚಿಕ್ಕವರಿದ್ದಾಗ ಯಕ್ಷಗಾನದ ಬಣ್ಣದ ವೇಷ ಆರ್ಭಟ ಕೊಟ್ಟು ಬಂದರೆ ಅಮ್ಮನ ಸೆರಗಿನೊಳಗೆ ನುಗ್ಗುತ್ತಿದ್ದೆವು. ಒಮ್ಮೆ ವೇಷಗಾರರು ಬಣ್ಣ ಹಚ್ಚುವ ಚೌಕಿಗೆ ಹೋಗಿ ಅಕ್ಕಿಹಿಟ್ಟು ಸುಣ್ಣದ ಚಿಟ್ಟಿ, ಅಂದರೆ ಉಬ್ಬು ಚುಕ್ಕಿ, ಒಂದೊಂದೇ ಮುಖದ ಮೇಲೆ ಏಳುವುದನ್ನು ನೋಡಿದ ಮೇಲೆ ಅದೇ ರಾಕ್ಷಸನನ್ನು ಎದುರು ಸಾಲಿನಲ್ಲಿ ಕೂತು ಕಾಯತೊಡಗಿದೆವು. ಈಗ ಅದನ್ನೇ ಮಾಡುತ್ತೇನೆ. 'ಕೊರಲೈನ್' ಹಾಕುವ ಮುಂಚೆ ಅದರ ತಯಾರಿಯ ವಿಡಿಯೋ ಹಾಕಿದೆ: ಗೇಣುದ್ದದ ಬೊಂಬೆ, ಅದರ ಕೈಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು. ಆ ಬೊಂಬೆಯ ಸ್ವೆಟರನ್ನು ತಂತಿಯಂಥ ಸಣ್ಣ ಕಡ್ಡಿಗಳಲ್ಲಿ ಕೈಯಲ್ಲೇ ಹೆಣೆದಿದ್ದಾರೆ. ಸಿನೆಮಾ ಓಡುವಾಗ ಗುಂಡಿ ಕಣ್ಣು ಬಂದಲ್ಲಿ ಅಕ್ಕನ ಮಗಳು "ಇದನ್ನು ಎಷ್ಟು ಸಲ ಸರಿಸಿರಬಹುದು ಚಿಕ್ಕಮ್ಮ?" ಅಂದಳು.

ಯಾವ ಸಿನೆಮಾವನ್ನೂ ನಾನು ಒಬ್ಬಳೇ ನೋಡದೆ ಮಕ್ಕಳಿಗೆ ಹಾಕುವುದಿಲ್ಲ. ದಢಕ್ಕನೆ ಬೆಚ್ಚಿಬೀಳಿಸುವ ಜಾಗಗಳ ಸಮಯ ಚೀಟಿಯಲ್ಲಿ ಗುರುತು ಹಾಕಿಕೊಂಡಿರುತ್ತೇನೆ, ಅದು ಹತ್ತಿರ ಬಂದಾಗ ಸದ್ದು ಇಳಿಸುತ್ತೇನೆ. ಮಕ್ಕಳು ಕಣ್ಣು ಮುಚ್ಚಿಕೊಳ್ಳುತ್ತಾರೆ, ಕಿವಿ ತೆರೆದೇ ಇರುತ್ತದೆ, ಆಮೇಲೆ ಆ ಸದ್ದಿಗೆ ತಮ್ಮದೇ ಚಿತ್ರ ಕಟ್ಟಿಕೊಳ್ಳುತ್ತಾರೆ, ಅದು ಪರದೆಯ ಮೇಲಿನದಕ್ಕಿಂತ ಕೆಟ್ಟದಾಗಿರುತ್ತದೆ. ಹಾಗಾಗಿ ನಮ್ಮಲ್ಲಿ ಹೆದರಿಕೆ ಆದರೆ ಮುಚ್ಚಬೇಕಾದ್ದು ಕಿವಿ. ಒಂದೇ ದೃಶ್ಯವನ್ನು ಸದ್ದಿಲ್ಲದೆ ಒಮ್ಮೆ, ಸದ್ದಿನ ಜೊತೆ ಒಮ್ಮೆ ತೋರಿಸಿದರೆ ಹೆದರಿಸುತ್ತಿರುವುದು ಪಿಟೀಲು ಅಂತ ಅವರಿಗೇ ಗೊತ್ತಾಗುತ್ತದೆ. ಚಿಕ್ಕವಳಿಗೆ ಇಂಥ ಪಾಠ ಬೇಡ, ತೊಡೆಯ ಮೇಲೆ ಜಾಗ, ಕೈಗೊಂದು ಹಪ್ಪಳ ಸಾಕು. ಅಷ್ಟು ಸಣ್ಣವರಿಗೆ ವಿವರಣೆಗಿಂತ ಅಪ್ಪಿಕೊಳ್ಳಲು, ತಿನ್ನಲು ಏನಾದರೂ ಇರುವುದೇ ಹೆಚ್ಚು ಫಲ ಕೊಡುತ್ತದೆ ಅಂತ ಕ್ಯಾಂಟರ್ ಕೂಡ ಹೇಳುತ್ತಾರೆ.

ಹೊತ್ತು ಯಾವಾಗಲೂ ಮಧ್ಯಾಹ್ನವೇ, ಊಟ ಆದ ಮೇಲೆ, ಕಿಟಕಿ ತೆರೆದಿಟ್ಟು. ಮುಗಿದ ಮೇಲೆ ಅಂಗಳದಲ್ಲಿ ಆಡಲು ಎರಡು ಗಂಟೆ ಬೆಳಕು ಉಳಿದಿರಬೇಕು. ಲ್ಯಾಪ್‌ಟಾಪಿಗೆ ಚಾರ್ಜ್ ತುಂಬಿಸಿಟ್ಟಿರಬೇಕು, ಏಕೆಂದರೆ ಮೇ ತಿಂಗಳ ಗುಡುಗಿಗೆ ಇಲ್ಲಿ ಕರೆಂಟು ಹೋಗುವುದಕ್ಕೆ ನೆಪ ಬೇಡ. ಒಮ್ಮೆ ಮಾಟಗಾತಿ ಬಾಗಿಲು ತೆಗೆಯುವ ಹೊತ್ತಿಗೇ ಟಿವಿ ಆರಿ, ರಾತ್ರಿಯವರೆಗೂ ಕರೆಂಟು ಬರಲಿಲ್ಲ. ಬಾಗಿಲ ಹಿಂದೆ ಏನಿತ್ತೆಂದು ತಿಳಿಯದೆ ಯಾರೂ ಒಬ್ಬರೇ ಬಚ್ಚಲಿಗೆ ಹೋಗಲು ಒಪ್ಪಲಿಲ್ಲ. ಪೂರ್ತಿ ಕತೆಯನ್ನು ಕ್ಯಾಂಡಲ್ ಬೆಳಕಲ್ಲಿ ನಾನೇ ಹೇಳಿ ಮುಗಿಸಿದೆ. ಅರ್ಧಕ್ಕೆ ನಿಂತ ಹೆದರಿಕೆಯೇ ಮಕ್ಕಳ ಜೊತೆ ಹಾಸಿಗೆಗೆ ಬರುವುದು. ಯಾರಾದರೂ ಸಾಕು ಅಂದು ಎದ್ದು ಹೋದರೆ ತಡೆಯುವುದಿಲ್ಲ, ಗೇಲಿ ಮಾಡಲು ಉಳಿದವರಿಗೆ ಬಿಡುವುದೂ ಇಲ್ಲ, ಆದರೆ ಸಂಜೆಯೊಳಗೆ ಕೊನೆಗೆ ಏನಾಯಿತು ಅಂತ ಅವರಿಗೆ ಹೇಳಿಯೇ ಹೇಳುತ್ತೇನೆ.

ಈ ಸಲ 13ರವನು ಬಂದಕೂಡಲೇ 'ಜಾಸ್' ಕೇಳಿದ್ದಾನೆ. ಅವನ ವಯಸ್ಸಿಗೆ ಆಗಬಹುದು. ಯಂತ್ರದ ಶಾರ್ಕ್ ಪದೇಪದೇ ಕೆಟ್ಟದ್ದರಿಂದ ಸ್ಪೀಲ್‌ಬರ್ಗ್ ಅದನ್ನು ಕಡಿಮೆ ತೋರಿಸಿ, ನೀರನ್ನೇ ತೋರಿಸಿ ಹೆದರಿಸಿದರು ಅನ್ನುವ ಕತೆ ಅವನಿಗೆ ಹಿಡಿಸುತ್ತದೆ. ಚಿಕ್ಕವರನ್ನು ಆ ಹೊತ್ತಿಗೆ ಅಜ್ಜನ ಜೊತೆ ತೋಟಕ್ಕೆ ಕಳಿಸುವುದು. ಒಂದೇ ಕರಾರು: ಎಲ್ಲರೂ ಪಣಂಬೂರು ಬೀಚಿಗೆ ಹೋಗಿ, ಸಮುದ್ರದಲ್ಲಿ ಆಡಿ ಬಂದ ಮೇಲೆ.